ಹೆಸರಿಡುವ ಕೆಲಸ ಮಕ್ಕಳಿಗೇ ಬಿಡು

ಪ್ರೀತಿಯ ಪುಟ್ಟಿ,

ಶನಿವಾರ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲೇ ಇದೆ. ಅಂಗಡಿಯಲ್ಲಿ ಏನೇನು ಸಿಗುತ್ತದೆ ಅಂತ ಕೇಳಿದ ಕೂಡಲೇ ನಿನ್ನ ತರಗತಿಯ ಮಕ್ಕಳು ಬೋರ್ಡು ತುಂಬಿಸಿದರು, ‘ಇವನ್ನು ಗುಂಪು ಮಾಡಿ’ ಅಂದಾಗ ಮಾತ್ರ ಸುಮ್ಮನಾದರು, ಹೊತ್ತಾಯಿತೆಂದು ನೀನೇ ಆಹಾರ, ಬಟ್ಟೆ, ಆಟಿಕೆ ಅಂತ ಬರೆದುಬಿಟ್ಟೆ. ಆ ಮೌನಕ್ಕೆ ಹೆದರಬೇಡ ಕಂದಾ. ಮಕ್ಕಳು ಯೋಚನೆ ಮಾಡುವುದು ಆಗಲೇ.

ನೀನೀಗ ಶಿಕ್ಷಕ ತರಬೇತಿಗೆ ಸೇರಿರುವ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್‌ನಲ್ಲೇ 1951ರಿಂದ, ಹೀಗೆ ಗುಂಪು ಮಾಡಿಸುವ ದಾರಿ ತೋರಿಸಿದ ಶಿಕ್ಷಣತಜ್ಞೆ ಹಿಲ್ಡಾ ಟಾಬಾ ಪಾಠ ಮಾಡುತ್ತಿದ್ದರು. ಎಸ್ಟೋನಿಯಾದ ಶಾಲಾ ಮೇಷ್ಟ್ರ ಮಗಳು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿ ಊರಿಗೆ ಹೋದರೆ, ತಾವು ಓದಿದ ಟಾರ್ಟು ವಿಶ್ವವಿದ್ಯಾಲಯದಲ್ಲೇ ಕೆಲಸ ಸಿಗಲಿಲ್ಲ. ಮತ್ತೆ ಅಮೆರಿಕಕ್ಕೆ ಬಂದರು. ನಿಮ್ಮ ಊರಿಗೆ ಹತ್ತಿರದ ಕಾಂಟ್ರಾ ಕೋಸ್ಟಾ ಕೌಂಟಿಯ ಪ್ರಾಥಮಿಕ ಶಾಲೆಗಳ ಸಮಾಜ ಪಾಠವನ್ನು ಹೊಸದಾಗಿ ಕಟ್ಟಿದರು. ಅದನ್ನು ಮೇಲಿನಿಂದ ಬರೆದು ಕಳಿಸಲಿಲ್ಲ. ಶಿಕ್ಷಕರೇ ಪಾಠದ ಘಟಕ ಬರೆಯಬೇಕು, ತರಗತಿಯಲ್ಲಿ ಮಾಡಿ ನೋಡಬೇಕು, ತಿದ್ದಬೇಕು. ಇಡೀ ಪಠ್ಯಕ್ರಮ ಆಮೇಲೆ. ಕ್ಲಾಸು ಕಾಣದವರು ಪಠ್ಯ ಬರೆಯುವುದನ್ನು ಬಹಳ ನೋಡಿದ ನನಗೆ ಅವರ ಮೇಲೆ ಗೌರವ ಬಂದದ್ದು ಅಲ್ಲಿಂದಲೇ.

ಗುಂಪು ಮಾಡಿಸುವ ಅವರ ದಾರಿ ಮೂರು ಪ್ರಶ್ನೆಗಳದ್ದು: ಏನೇನು ಕಂಡಿರಿ? ಯಾವುದು ಯಾವುದರ ಜೊತೆ ಸೇರುತ್ತದೆ, ಯಾಕೆ? ಆ ಗುಂಪಿಗೆ ಏನು ಹೆಸರಿಡುತ್ತೀರಿ? ಸುಲಭ ಅನ್ನಿಸುತ್ತದೆ, ಆದರೆ ಅವಸರ ಮಾಡಿದರೆ ಕೆಟ್ಟುಹೋಗುತ್ತದೆ. ಅವರು ತರಗತಿಯ ಚರ್ಚೆಗಳನ್ನು ಟೇಪ್ ಮಾಡಿಸಿ ಒಂದೊಂದು ಮಾತನ್ನೂ ಅಳೆದು ನೋಡಿದವರು. ಟೀಚರು ಬೇಗ ಮುಂದಿನ ಮೆಟ್ಟಿಲಿಗೆ ಎಳೆದರೆ ಮಕ್ಕಳು ಹಿಂದಿನ ಮೆಟ್ಟಿಲಿಗೇ ಇಳಿದುಬಿಡುತ್ತಾರೆ ಅನ್ನುವುದು ಅವರಿಗೆ ಕಂಡಿತ್ತು.

ನಾನು ಇದನ್ನೆಲ್ಲ ಓದಿದ್ದು ತಡವಾಗಿ. ಅದಕ್ಕೂ ಮುಂಚೆ ಒಮ್ಮೆ ನಾಲ್ಕನೇ ಕ್ಲಾಸಿಗೆ ಸಂತೆಯ ಪಾಠ ಮಾಡಿದ್ದೆ. ಒಬ್ಬ ಹುಡುಗಿ ಉಪ್ಪು, ಸೀಮೆಎಣ್ಣೆ, ಬಳೆ ಮೂರನ್ನೂ ಒಂದೇ ಗುಂಪಿಗೆ ಹಾಕಿದಳು. ‘ಉಪ್ಪು ತಿನ್ನೋದಲ್ವೇನೇ?’ ಅಂತ ನಾನು ಅದನ್ನು ಅಕ್ಕಿ, ರಾಗಿಯ ಪಕ್ಕಕ್ಕೆ ಸರಿಸಿದೆ. ಅವಳು ಮೆಲ್ಲಗೆ, ‘ಅಕ್ಕಿ, ರಾಗಿ ನಮ್ಮ ಹೊಲ್ದಾಗೇ ಬೆಳೀತಾವೆ ಟೀಚರ್. ಇವು ಮೂರನ್ನ ದುಡ್ಡು ಕೊಟ್ಟೇ ತರ್ಬೇಕು’ ಅಂದಳು. ಮನೆಯಲ್ಲಿ ಬೆಳೆಯುವುದು ಯಾವುದು, ಹೊರಗಿನಿಂದ ಬರಬೇಕಾದ್ದು ಯಾವುದು, ಅದಕ್ಕೆ ದುಡ್ಡು ಎಲ್ಲಿಂದ ಅನ್ನುವ ಅರ್ಥಶಾಸ್ತ್ರವೆಲ್ಲ ಆ ಮಾತಿನಲ್ಲಿತ್ತು. ನಾನು ‘ಸರಿ ಕೂತ್ಕೋ’ ಅಂದೆ. ಆ ವರ್ಷವೆಲ್ಲ ಅವಳು ತಾನಾಗಿ ಕೈ ಎತ್ತಿದ್ದು ನನಗೆ ನೆನಪಿಲ್ಲ. ಟಾಬಾ ಅವರ ಪುಸ್ತಕ ಓದುವಾಗ ಆ ಹುಡುಗಿಯ ಮುಖ ಕಣ್ಣ ಮುಂದೆ ಬಂದು ಪುಟ ತಿರುಗಿಸಲಾಗಲಿಲ್ಲ.

ನಿನಗೆ ಇದನ್ನು ಬರೆಯುತ್ತಿರುವುದು ಅದಕ್ಕೇ. ನಿನ್ನ ತರಗತಿಯಲ್ಲಿ ಬೇರೆ ಬೇರೆ ದೇಶದಿಂದ ಬಂದವರ ಮಕ್ಕಳಿದ್ದಾರೆ ಅಂದೆಯಲ್ಲ. ಅಂಗಡಿ ಒಂದೇ ಆದರೂ ಒಬ್ಬೊಬ್ಬರಿಗೆ ಅದು ಒಂದೊಂದು ಥರ ಕಂಡಿರುತ್ತದೆ. ಸೋಮವಾರ ಆ ಪಟ್ಟಿಯನ್ನೇ ಮತ್ತೆ ಬೋರ್ಡಿನ ಮೇಲೆ ಬರೆ, ನೀನು ಕೊಟ್ಟ ಹೆಸರುಗಳನ್ನು ಮಾತ್ರ ಬರೆಯಬೇಡ. ಯಾರಾದರೂ ವಿಚಿತ್ರವಾಗಿ ಜೋಡಿಸಿದರೆ ‘ಯಾಕೆ?’ ಅಂತ ಕೇಳಿ ಸುಮ್ಮನಿರು, ಎಷ್ಟು ಹೊತ್ತಾದರೂ. ಆ ಮಗು ಏನಂದಿತು ಅಂತ ಅದರ ಮಾತಿನಲ್ಲೇ ನನಗೆ ಬರೆದು ಕಳಿಸು.

ಚಳಿ ಜಾಸ್ತಿ ಅಂದೆ, ಸ್ವೆಟರ್ ಹಾಕಿಕೋ.

ನಿನ್ನ
ದೊಡ್ಡಮ್ಮ