ದುಡಿಯ ಸದ್ದಿನಲ್ಲಿ ಕೇಳಿಸದ ಬೆಳ್ಳಿ



ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿ ಪ್ರಕಟವಾದದ್ದು 1933ರಲ್ಲಿ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಚಲನಚಿತ್ರವಾಗಿಸಿದರು. ಅಸ್ಪೃಶ್ಯನೆಂಬ ಕಾರಣಕ್ಕೆ ಉಳಲು ತುಂಡು ಭೂಮಿ ಸಿಗದ ಚೋಮ ತನ್ನ ದುಃಖವನ್ನು ದುಡಿ ಬಾರಿಸಿ ಹೇಳಿಕೊಳ್ಳುತ್ತಾನೆ. ಅವನ ಒಂಟಿತನಕ್ಕೆ ದುಡಿಯಾದರೂ ಇತ್ತು. ಮಗಳು ಬೆಳ್ಳಿಗೆ ಅದೂ ಇರಲಿಲ್ಲ.

ತಾಯಿಯಿಲ್ಲದ ಮನೆಯಲ್ಲಿ ಗಂಜಿ ಬೇಯಿಸುವವಳು ಬೆಳ್ಳಿ. ಅಣ್ಣಂದಿರಿಂದ ತೀರದ ತೋಟದ ಸಾಲ ತೀರಿಸಲು ದುಡಿಯಹೋದವಳೂ ಅವಳೇ. ಅಲ್ಲಿ ರೈಟರ್ ಮನ್ವೇಲನ ಸವಿಮಾತಿಗೆ ಮನಸೋತಳು. ಚಿತ್ರದಲ್ಲಿ ತೋಟದ ಧಣಿ ಅವಳನ್ನು ಬಲಾತ್ಕರಿಸಿ, ಸಾಲ ಮನ್ನಾ ಮಾಡುತ್ತಾನೆ. ಕೊನೆಗೆ ಮನ್ವೇಲನ ಜೊತೆ ಅವಳನ್ನು ಕಂಡ ಚೋಮ ಹೊಡೆದು ಹೊರಗಟ್ಟುತ್ತಾನೆ. ಮನೆ ನಡೆಸುವಾಗ ಅವಳು ಗಂಡುಮಗನಂತೆ ದುಡಿಯಬೇಕು; ಪ್ರೀತಿಸಿದಾಗ ಮಾತ್ರ ಮಾನದ ಭಾರವೆಲ್ಲ ಹೆಣ್ಣಾದ ಅವಳ ತಲೆಯ ಮೇಲೆ. ಮನ್ವೇಲನಾದರೋ ಕ್ರೈಸ್ತ, ನಮ್ಮ ಜ್ಞಾನಸ್ನಾನದ ಪುಸ್ತಕದಲ್ಲಿರುವಂಥ ಹೆಸರು ಅವನದು. ಇದನ್ನು ನಾವು ಓದಿ ದಾಟಿಬಿಡಬಾರದು.

ಇದು ಕರಾವಳಿಯ ಕಥೆ, ನಮಗೇಕೆ ಎನ್ನಬೇಡಿ. ಮುಧೋಳ, ಜಮಖಂಡಿ ಸೀಮೆಯ ಬಡ ದಲಿತ ಮನೆಗಳಲ್ಲಿ ಯಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಗಳಿಗೆ ಮುತ್ತು ಕಟ್ಟುವ ಪದ್ಧತಿ ಬಹುಕಾಲ ನಡೆಯಿತು. ಗಂಡುಮಗನಿಲ್ಲದ ಮನೆಯಲ್ಲಿ ಅವಳೇ ಮಗನಾಗಿ ತಂದೆತಾಯಿಗಳನ್ನು ಸಾಕಬೇಕಿತ್ತು. ಆದರೆ ಅವಳಿಗೆ ಮದುವೆಯಿಲ್ಲ. ಅವಳ ಮಕ್ಕಳಿಗೆ ತಂದೆಯ ಹೆಸರಿಲ್ಲ. ಕರ್ನಾಟಕದ 1982ರ ಕಾಯಿದೆ ಈ ಸಮರ್ಪಣೆಯನ್ನು ನಿಷೇಧಿಸಿತು. ಕಾಯಿದೆ ಮುತ್ತನ್ನು ಬಿಚ್ಚಿಸಬಹುದು, ಊರವರ ನಾಲಿಗೆಯನ್ನು ಕಟ್ಟಲಾರದು.

ಸಂತ ಯೊವಾನ್ನರ ಶುಭಸಂದೇಶದ 8ನೇ ಅಧ್ಯಾಯವನ್ನು ತೆರೆಯಿರಿ. ವ್ಯಭಿಚಾರದಲ್ಲಿ ಹಿಡಿದೆವೆಂದು ಒಬ್ಬ ಸ್ತ್ರೀಯನ್ನು ಯೇಸುವಿನ ಮುಂದೆ ನಿಲ್ಲಿಸಿದರು. ಮೋಶೆಯ ಧರ್ಮಶಾಸ್ತ್ರ ಇಬ್ಬರಿಗೂ ಶಿಕ್ಷೆ ಹೇಳಿತ್ತು. ಗಂಡಸನ್ನು ಯಾರೂ ಕರೆತರಲಿಲ್ಲ. ಪ್ರಭು ಪಾಪವನ್ನು ಪಾಪವಲ್ಲವೆನ್ನಲಿಲ್ಲ. ಆದರೆ ಮೊದಲು ಜನರ ಕೈಯ ಕಲ್ಲುಗಳನ್ನು ಕೆಳಗಿಳಿಸಿದರು. ಎಲ್ಲರೂ ಹೊರಟುಹೋದ ಮೇಲೂ ಅವಳೊಂದಿಗೆ ಉಳಿದವರು ಅವರೊಬ್ಬರೇ. ಬೆಳ್ಳಿಗೆ ಸಿಗದೇ ಹೋದದ್ದು ಹೀಗೆ ಜೊತೆಗೆ ಉಳಿಯುವ ಒಬ್ಬರು. ಒಂಟಿಯಾದವರಿಗೆ ಉಪದೇಶಕ್ಕಿಂತ ಮೊದಲು ಬೇಕಾದ ಪ್ರೀತಿ ಇದೇ.

ಈ ವಾರ ಮನೆಯವರೆಲ್ಲ ಕೂಡಿ ಕುಳಿತು ಮಾತನಾಡಿರಿ:

1. ನಮ್ಮ ಸಂಸಾರ ಯಾರ ದುಡಿಮೆಯಿಂದ ನಡೆದಿದೆ? ಅವರ ದಣಿವನ್ನು ಕೇಳಿದ್ದೇವೆಯೇ?

2. ತಪ್ಪು ಕಂಡಾಗ ಮಗನಿಗೊಂದು, ಮಗಳಿಗೊಂದು ನ್ಯಾಯ ಮಾಡುತ್ತೇವೆಯೇ?

3. ಬಲಿಪೂಜೆಯಲ್ಲಿ ಕೊನೆಯ ಸಾಲಿನಲ್ಲಿ ಒಂಟಿಯಾಗಿ ಕೂರುವ ಸಹೋದರಿಯ ಹೆಸರು ನಮಗೆ ಗೊತ್ತೇ?