ಓದು ಮುಗಿದ ಮೇಲಿನ ವರ್ಷದ ಖರ್ಚು

ಬಿಸಿಎ ಮೂರು ವರ್ಷದ ಓದು, ಎಂಜಿನಿಯರಿಂಗ್ ನಾಲ್ಕು ವರ್ಷದ್ದು. ಮಕ್ಕಳನ್ನು ಐಟಿ ಓದಿಗೆ ಹಾಕುವ ಮನೆಗಳಲ್ಲಿ ಆ ವರ್ಷಗಳ ಫೀಸು, ಹಾಸ್ಟೆಲ್ಲು, ಲ್ಯಾಪ್‌ಟಾಪು ಎಲ್ಲದರ ಲೆಕ್ಕ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಲೆಕ್ಕ ತಪ್ಪುವುದು ಅದರ ಮುಂದಿನ ವರ್ಷದಲ್ಲಿ. ಕೊನೆಯ ಪರೀಕ್ಷೆ ಬರೆದ ದಿನದಿಂದ ಮೊದಲ ಸಂಬಳ ಖಾತೆಗೆ ಬೀಳುವವರೆಗಿನ ತಿಂಗಳುಗಳಿಗೆಂದು ದುಡ್ಡು ತೆಗೆದಿಟ್ಟ ಮನೆಗಳನ್ನು ನಾನು ನೋಡಿರುವುದು ತೀರಾ ಕಡಿಮೆ.

ನಾನು ತಿಪಟೂರಿನಲ್ಲಿ ಬಿಸಿಎ ಮುಗಿಸಿದ್ದು 2008ರಲ್ಲಿ. ಕೊನೆಯ ಸೆಮಿಸ್ಟರಿನಲ್ಲೇ ಬೆಂಗಳೂರಿನ ಕಂಪನಿಯೊಂದರ ಆಫರ್ ಲೆಟರ್ ಕೈಗೆ ಬಂದಿತ್ತು. ಆ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ದಿವಾಳಿಯೆದ್ದಿತು. ನ್ಯೂಯಾರ್ಕಿನಲ್ಲಿ ಬ್ಯಾಂಕು ಮುಳುಗಿದರೆ ತಿಪಟೂರಿನ ಹುಡುಗನ ಕೆಲಸ ನಿಲ್ಲುತ್ತದೆಂದು ಊರಿನವರಿಗೆ ಅರ್ಥ ಮಾಡಿಸುವುದು ಕಷ್ಟವಾಗಿತ್ತು. ಜಾಯಿನಿಂಗ್ ಡೇಟ್ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಮರುವರ್ಷದ ಮಳೆಗಾಲ ಹಿಡಿಯುವವರೆಗೂ ಕರೆ ಬರಲಿಲ್ಲ.

ಆ ದಿನಗಳನ್ನು ದಾಟಿಸಿದ್ದು ಅಪ್ಪನ ಮುಂದಾಲೋಚನೆ. ನನ್ನ ಓದಿಗೆ ಅವರು ಕೈಯಲ್ಲಿದ್ದ ದುಡ್ಡನ್ನೆಲ್ಲ ಸುರಿದಿರಲಿಲ್ಲ. ಫೀಸಿಗೆ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಮಾಡಿ, ಕೊಬ್ಬರಿ ಮಾರಿದ ಹಣದಲ್ಲಿ ಒಂದು ಪಾಲನ್ನು ಅಂಚೆ ಕಚೇರಿಯ ಆರ್‌ಡಿಗೆ ಕಟ್ಟುತ್ತಾ ಬಂದಿದ್ದರು. ಕಾಯಿ ಕಿತ್ತು ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳು ಕಾದು, ಅದು ಉಂಡೆ ಕೊಬ್ಬರಿಯಾದ ಮೇಲೇ ದುಡ್ಡಿನ ಮುಖ ನೋಡುತ್ತಿದ್ದ ಮನುಷ್ಯ ಅವರು. ಫಸಲು ಬಂದ ದಿನವೇ ಹಣ ಬರುವುದಿಲ್ಲವೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ಆ ತಿಂಗಳುಗಳಲ್ಲಿ ಎಪಿಎಂಸಿಯ ಕೊಬ್ಬರಿ ಮಂಡಿಯೊಂದರಲ್ಲಿ ಟ್ಯಾಲಿಯಲ್ಲಿ ಲೆಕ್ಕ ಬರೆದೆ. ಆರ್‌ಡಿ ಹಣ ಇದ್ದುದರಿಂದ ಮನೆಯಲ್ಲಿ ಯಾರೂ ಕೈಸಾಲಕ್ಕೆ ಓಡಾಡಲಿಲ್ಲ, ಸಿಕ್ಕಿದ ಯಾವುದೋ ಕೆಲಸಕ್ಕೆ ಬೀಳು ಎಂದು ನನ್ನನ್ನು ಒತ್ತಾಯಿಸಲೂ ಇಲ್ಲ.

ಇದು ಹಳೆಯ ಕಥೆಯೆಂದು ತಳ್ಳಿಹಾಕಬೇಡಿ. 2022ರಲ್ಲಿ ದೊಡ್ಡ ದೊಡ್ಡ ಐಟಿ ಕಂಪನಿಗಳಿಂದ ಆಫರ್ ಪಡೆದ ಫ್ರೆಷರುಗಳಲ್ಲಿ ಕೆಲವರು ಕೆಲಸಕ್ಕೆ ಸೇರಲು ಎರಡು ವರ್ಷ ಕಾದರು. ಆಫರ್ ಲೆಟರ್ ಇದ್ದವರ ಗತಿ ಅದು. ಕ್ಯಾಂಪಸ್ಸಿನಲ್ಲಿ ಆಯ್ಕೆಯಾಗದವರು ಬೆಂಗಳೂರಿಗೆ ಬಂದು ಪಿಜಿ ಹಿಡಿದು, ಜಾವಾ ಇಲ್ಲವೇ ಟೆಸ್ಟಿಂಗ್ ಕಲಿಸುವ ಕೋಚಿಂಗ್ ಸೆಂಟರಿಗೆ ಸೇರಿ, ಆಫ್ ಕ್ಯಾಂಪಸ್ ಡ್ರೈವ್‌ಗಳಿಗೆ ಅಲೆಯುತ್ತಾರೆ. ಪಿಜಿಗೆ ತಿಂಗಳಿಗೆ ಎಂಟೊಂಬತ್ತು ಸಾವಿರ, ಅದರ ಅಡ್ವಾನ್ಸು ಬೇರೆ, ಕೋಚಿಂಗಿಗೆ ಮೂವತ್ತು ನಲವತ್ತು ಸಾವಿರ, ಬಸ್ಸು, ಫೋನು, ಊಟ. ಒಂದು ವರ್ಷ ಹೀಗೆ ನಡೆದರೆ ಒಂದೂವರೆ ಲಕ್ಷ ಎಲ್ಲಿ ಹೋಯಿತೆಂದು ಗೊತ್ತಾಗುವುದಿಲ್ಲ. ಇದನ್ನು ಓದಿನ ಖರ್ಚಿಗೇ ಸೇರಿಸಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೆಲವು ವರ್ಷದ ಹಿಂದೆ ಅಕ್ಕನ ಮಗಳ ಸಿಇಟಿ ರ‍್ಯಾಂಕ್ ಬಂದಾಗ ಈ ಲೆಕ್ಕವನ್ನು ಎಲ್ಲರೂ ಕೂತು ಹಾಕಿದೆವು. ಅವಳಿಗೆ ಬೇಕಾಗಿದ್ದು ಇನ್ಫರ್ಮೇಷನ್ ಸೈನ್ಸ್. ತುಮಕೂರಿನ ಕಾಲೇಜಿನಲ್ಲಿ ಸಿಇಟಿ ಸೀಟು ಸಿಗುವಂತಿತ್ತು. ಬೆಂಗಳೂರಿನಲ್ಲಿ ಹೆಸರಿರುವ ಕಾಲೇಜಿನಲ್ಲಿ ಅದೇ ಕೋರ್ಸಿಗೆ ಮ್ಯಾನೇಜ್‌ಮೆಂಟ್ ಸೀಟು. ಹಾಸ್ಟೆಲ್ ಸೇರಿ ವರ್ಷಕ್ಕೆ ನಾಲ್ಕು ಲಕ್ಷ.

"ತೋಟದ ಮೇಲೆ ಸಾಲ ಎತ್ತಿದ್ರಾಯ್ತು ಬಿಡಿ, ಬೆಂಗಳೂರಲ್ಲಿ ಓದಿದ್ರೆ ಪ್ಯಾಕೇಜೇ ಬೇರೆ" ಎಂದರು ಭಾವ.

"ಆ ಸಾಲಕ್ಕೆ ತಿಂಗಳ ಕಂತು ಎಷ್ಟು ಬರುತ್ತೆ ಮಾಮ?" ಎಂದಳು ಹುಡುಗಿ.

ಹದಿನೆಂಟು ವರ್ಷದವಳು ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಬರೆಯುತ್ತಾ ಹೋದೆವು. ಪ್ರತಿ ವರ್ಷದ ಆರಂಭದಲ್ಲಿ ನಾಲ್ಕು ಲಕ್ಷದಂತೆ ನಾಲ್ಕು ವರ್ಷಕ್ಕೆ 16 ಲಕ್ಷ ಶಿಕ್ಷಣ ಸಾಲ. ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಓದುವಾಗಲೂ, ಓದು ಮುಗಿದ ಮೇಲಿನ ಒಂದು ವರ್ಷದ ವಿನಾಯಿತಿ ಅವಧಿಯಲ್ಲೂ ಕಂತು ಕಟ್ಟಬೇಕಿಲ್ಲ. ಆದರೆ ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಹಾಗೆ ಸೇರಿದ ಬಡ್ಡಿಯೇ 5 ಲಕ್ಷ 60 ಸಾವಿರ. ಕಂತು ಶುರುವಾಗುವ ದಿನ ತಲೆಯ ಮೇಲಿರುವ ಸಾಲ 21 ಲಕ್ಷ 60 ಸಾವಿರ. ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳಿಗೆ ಇಪ್ಪತ್ತೆಂಟೂವರೆ ಸಾವಿರ ಕಂತು.

ಈಗ ಸಂಬಳದ ಕಡೆ ನೋಡಿ. ದೊಡ್ಡ ಸರ್ವಿಸ್ ಕಂಪನಿಗಳು ಎಂಜಿನಿಯರಿಂಗ್ ಫ್ರೆಷರುಗಳಿಗೆ ಕೊಡುವ ಸಾಮಾನ್ಯ ಪ್ಯಾಕೇಜು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಎಷ್ಟೋ ವರ್ಷಗಳಿಂದ ನಿಂತಿದೆ. ಪಿಎಫ್ ಕಳೆದು ಕೈಗೆ ಬರುವುದು ಇಪ್ಪತ್ತನಾಲ್ಕು ಸಾವಿರ ಇದ್ದೀತು. ಬಿಸಿಎ ಮಾಡಿದವರಿಗೆ ಇನ್ನೂ ಕಡಿಮೆಯಿಂದ ಶುರು. ಸಂಬಳಕ್ಕಿಂತ ಕಂತೇ ದೊಡ್ಡದು ಎಂದು ಕಂಡ ಮೇಲೆ ಭಾವ ತೋಟದ ಮಾತೆತ್ತಲಿಲ್ಲ.

ತುಮಕೂರಿನ ಸೀಟಿಗೆ ಎಲ್ಲ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ ಸಾಲ ಸಾಕಾಗಿತ್ತು. ಒಟ್ಟು 6 ಲಕ್ಷ. ಸಾಲ ಏಳೂವರೆ ಲಕ್ಷದೊಳಗಿದ್ದರೆ ಸಾಮಾನ್ಯವಾಗಿ ಆಸ್ತಿ ಅಡವಿಡಬೇಕಿಲ್ಲ, ಆದ್ದರಿಂದ ತೋಟದ ಪಹಣಿ ಮನೆಯಲ್ಲೇ ಉಳಿಯಿತು. ಇಲ್ಲೂ ಬಡ್ಡಿ ಬೆಳೆಯಲು ಬಿಟ್ಟರೆ ಅದು 8 ಲಕ್ಷ 10 ಸಾವಿರವಾಗಿ, ಕಂತು 10,700 ರೂಪಾಯಿಗೆ ಹೋಗುತ್ತದೆ. ಓದುವಾಗಲೇ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟಿಬಿಟ್ಟರೆ ಸಾಲ 6 ಲಕ್ಷದಲ್ಲೇ ನಿಂತು ಕಂತು 7,930ಕ್ಕೆ ಇಳಿಯುತ್ತದೆ. ಆ ಬಡ್ಡಿ ಮೊದಲ ವರ್ಷ ತಿಂಗಳಿಗೆ 1,250 ರೂಪಾಯಿ, ಎರಡನೆಯ ವರ್ಷ 2,500, ಮೂರನೆಯ ವರ್ಷ 3,750. ನಾಲ್ಕನೆಯ ವರ್ಷದಿಂದ 5,000. ಹೀಗೆ ಕಟ್ಟುವವರಿಗೆ ಹಲವು ಬ್ಯಾಂಕುಗಳು ಬಡ್ಡಿ ದರದಲ್ಲಿ ಶೇ 1ರಷ್ಟು ರಿಯಾಯಿತಿಯನ್ನೂ ಕೊಡುತ್ತವೆ. ಸಾಲ ಮಂಜೂರಾಗುವ ದಿನವೇ ಮ್ಯಾನೇಜರರನ್ನು ಕೇಳಿ ಇದನ್ನು ಬರವಣಿಗೆಯಲ್ಲಿ ಪಡೆಯಿರಿ. ಅಕ್ಕ ಹಾಲಿನ ಡೇರಿಯ ಬಟವಾಡೆಯಿಂದ ಈ ಬಡ್ಡಿ ಕಟ್ಟುತ್ತಿದ್ದಾಳೆ. ಹುಡುಗಿ ವಿದ್ಯಾರ್ಥಿ ಪಾಸು ಮಾಡಿಸಿ ರೈಲಿನಲ್ಲಿ ಓಡಾಡುತ್ತಾಳೆ. ಹಾಸ್ಟೆಲ್ಲಿನ ಉಳಿತಾಯ ಅವಳ ಹೆಸರಿನ ಆರ್‌ಡಿಗೆ ಹೋಗುತ್ತಿದೆ. ಓದು ಮುಗಿದ ಮೇಲಿನ ವರ್ಷಕ್ಕೆಂದೇ ಅದು.

ಬೆಂಗಳೂರಿನ ದೊಡ್ಡ ಕಾಲೇಜುಗಳಿಗೆ ಬೆಲೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಕಂಪನಿಗಳು ಹುಡುಕಿಕೊಂಡು ಬರುವ ಕಾಲೇಜುಗಳಿವೆ, ಅಲ್ಲಿ ಸಿಇಟಿಯಲ್ಲೇ ಸೀಟು ಸಿಕ್ಕರೆ ಕಣ್ಣು ಮುಚ್ಚಿ ಸೇರಿಸಿ. ದುಬಾರಿ ಸೀಟು ಕೊಳ್ಳುವ ಮುಂಚೆ ಮಾತ್ರ ಫ್ಲೆಕ್ಸಿನ ಮೇಲೆ ಹಾಕಿರುವ 'ಅತಿ ಹೆಚ್ಚು ಪ್ಯಾಕೇಜ್' ಅನ್ನು ಪಕ್ಕಕ್ಕಿಡಿ. ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಕಾಲೇಜುಗಳು ಸಲ್ಲಿಸುವ ಮಾಹಿತಿಯಲ್ಲಿ ಎಷ್ಟು ಜನ ಓದು ಮುಗಿಸಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಅವರ ಮೀಡಿಯನ್ ಸಂಬಳ ಎಷ್ಟು ಎಂಬುದಿರುತ್ತದೆ. ಕೆಲಸ ಸಿಕ್ಕವರಲ್ಲಿ ಅರ್ಧದಷ್ಟು ಜನಕ್ಕೆ ಆ ಮೀಡಿಯನ್ನಿಗಿಂತ ಕಡಿಮೆ ಸಂಬಳ. ನಿಮ್ಮ ಸಾಲದ ಕಂತನ್ನು ಅಳೆಯಬೇಕಾದದ್ದು ಅದರ ಎದುರಿಗೆ. ಕಂತು ಕೈಗೆ ಬರುವ ಸಂಬಳದ ಮೂರನೆಯ ಒಂದು ಭಾಗ ದಾಟುವುದಾದರೆ ಆ ಸೀಟು ನಿಮ್ಮ ಮನೆಗೆ ಹೊರೆ.

ಸಹಾಯ ಎಲ್ಲೆಲ್ಲಿದೆ ಎಂಬುದನ್ನೂ ತಿಳಿದಿರಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಸಿಇಟಿಯಲ್ಲಿ ಸೂಪರ್‌ನ್ಯೂಮರರಿ ಕೋಟಾದಡಿ ಬೋಧನಾ ಶುಲ್ಕ ಮನ್ನಾ ಆಗುವ ಸೀಟುಗಳಿವೆ. ಎಷ್ಟೋ ಅರ್ಹ ಮಕ್ಕಳು ಆದಾಯ ಪ್ರಮಾಣ ಪತ್ರ ಸಕಾಲಕ್ಕೆ ಮಾಡಿಸದೆ ಅದನ್ನು ಕಳೆದುಕೊಳ್ಳುತ್ತಾರೆ. ಸಿಇಟಿ ಅರ್ಜಿ ಹಾಕುವ ಮುಂಚೆಯೇ ನಾಡಕಚೇರಿಗೆ ಹೋಗಿಬನ್ನಿ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅದೇ 8 ಲಕ್ಷದ ಮಿತಿಯೊಳಗಿನ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ವಿನಾಯಿತಿ ಅವಧಿಯಲ್ಲಿ ಶೇ 3ರ ಬಡ್ಡಿ ಸಹಾಯಧನವಿದೆ. ಆದರೆ ಅದು ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ, ಮ್ಯಾನೇಜ್‌ಮೆಂಟ್ ಕೋಟಾಕ್ಕಿಲ್ಲ. ಕಂತು ಕಟ್ಟುವಾಗ ಬಡ್ಡಿಯ ಭಾಗಕ್ಕೆ ಎಂಟು ವರ್ಷ ಆದಾಯ ತೆರಿಗೆಯಲ್ಲಿ ಕಡಿತ ಸಿಗುತ್ತದೆ, ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ.

ಕೊನೆಯ ವರ್ಷದಲ್ಲಿ ಇನ್ನೊಂದು ಖರ್ಚು ಕಾದಿರುತ್ತದೆ: ಪ್ರಾಜೆಕ್ಟ್ ಸೆಂಟರ್. ಹತ್ತು ಹನ್ನೆರಡು ಸಾವಿರ ಕೊಟ್ಟರೆ ಕೋಡು, ರಿಪೋರ್ಟು, ಪಿಪಿಟಿ ಎಲ್ಲ ಕೈಗಿಡುತ್ತಾರೆ. ದುಡ್ಡು ಹೋಗುವುದು ದೊಡ್ಡ ಮಾತಲ್ಲ. ಇಂಟರ್‌ವ್ಯೂನಲ್ಲಿ ಮೊದಲ ಪ್ರಶ್ನೆ ಆ ಪ್ರಾಜೆಕ್ಟಿನ ಮೇಲೇ ಬರುತ್ತದೆ, ಟೇಬಲ್ಲುಗಳನ್ನು ಯಾಕೆ ಹೀಗೆ ಜೋಡಿಸಿದೆ ಎಂದು ಕೇಳಿದರೆ ಕೊಂಡುತಂದವನ ಬಾಯಿಂದ ಮಾತು ಹೊರಡುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ನಾನೇ ಫ್ರೆಷರುಗಳ ಇಂಟರ್‌ವ್ಯೂಗಳಲ್ಲಿ ಕೂತು ಇದನ್ನು ಕಂಡಿದ್ದೇನೆ. ಹಳ್ಳಿಯ ಹಾಲಿನ ಡೇರಿಯ ಲೆಕ್ಕಕ್ಕೆ ಸ್ವತಃ ಒಂದು ಪುಟ್ಟ ಪ್ರೋಗ್ರಾಂ ಬರೆದ ಹುಡುಗಿ, ಅದರಲ್ಲಿದ್ದ ದೋಷಗಳನ್ನೂ ತಾನೇ ತೋರಿಸಿ, ಆಯ್ಕೆಯಾಗಿ ಹೋದಳು. ಎನ್‌ಪಿಟೆಲ್‌ನಲ್ಲಿ ಹಾಗೆ ಸ್ವತಃ ಬರೆಯಲು ಕಲಿಯುವವರಿಗೆ ಐಐಟಿ ಮೇಷ್ಟರುಗಳ ಆನ್‌ಲೈನ್ ಪಾಠಗಳು ಪುಕ್ಕಟೆ ಸಿಗುತ್ತವೆ. ಸರ್ಟಿಫಿಕೇಟು ಬೇಕೆಂದವರು ಪರೀಕ್ಷೆಗೆ ಮಾತ್ರ ಶುಲ್ಕ ಕಟ್ಟಬೇಕು.

ಓದು ಮುಗಿಸಿ ಕಾಯುತ್ತಿರುವ ಮಕ್ಕಳ ತಂದೆತಾಯಿಗಳಿಗೆ ಒಂದು ವಿನಂತಿ. ಲಕ್ಷವೋ ಎರಡು ಲಕ್ಷವೋ ಕೊಟ್ಟರೆ ಬ್ಯಾಕ್‌ಡೋರಿನಲ್ಲಿ ಕೆಲಸ ಕೊಡಿಸುತ್ತೇವೆಂದು ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮರ್ಯಾದಸ್ಥ ಐಟಿ ಕಂಪನಿಗಳು ಕೆಲಸ ಕೊಡಲು ಅಭ್ಯರ್ಥಿಯಿಂದ ಹಣ ಕೇಳುವುದಿಲ್ಲ. ಆ ದುಡ್ಡು ನಿಮ್ಮ ಮಗನ ಅಥವಾ ಮಗಳ ಒಂದು ವರ್ಷದ ಪಿಜಿ ಬಾಡಿಗೆ. ಅದನ್ನು ಅವರ ಹೆಸರಿನಲ್ಲೇ ಇಡಿ, ಹುಡುಕಲು ಅವರಿಗೆ ಪೂರ್ತಿ ಒಂದು ವರ್ಷ ಕೊಡಿ.