ಬೇಡ ಎನ್ನುವ ಮುನ್ನ ಟೇಪು ಹಿಡಿ

ಮಗಳೇ,

ಮೊನ್ನೆ ಸಂಜೆ ನಮ್ಮನೆ ಗೇಟು ತೆಗೆದು ಬಂದಾಗ ನಿನ್ನ ಮುಖ ಕೆಂಪೇರಿತ್ತು. ಕಾಫಿ ಮಾಡಲೇ ಅಂದರೆ ಬೇಡ ಅಂದೆ. "ನೋಡಿ ಆಂಟಿ, ಪೇಪರಿನ ಒಳಪುಟದಲ್ಲಿ ಬೆರಳಗಲ ಹಾಕಿ ಕೈ ತೊಳೆದುಕೊಂಡಿದ್ದಾರೆ" ಅಂತ ಫೋನು ನನ್ನ ಮುಂದೆ ಹಿಡಿದೆ. ಕನ್ನಡಕ ಹಾಕಿಕೊಂಡು ಓದಿದೆ. ನಮ್ಮ ರಸ್ತೆ ಮೂಲೆಯ ಖಾಲಿ ನಿವೇಶನವನ್ನು ವಸತಿ ಬಳಕೆಯಿಂದ ವಾಣಿಜ್ಯಕ್ಕೆ ಬದಲಾಯಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದವರು 15 ದಿನದೊಳಗೆ ಲಿಖಿತವಾಗಿ ಸಲ್ಲಿಸಿ ಎಂಬ ಪ್ರಕಟಣೆ. ಅಲ್ಲಿ ಬರುವುದು ಕಲ್ಯಾಣ ಮಂಟಪವಂತೆ, ಕೆಳಗೆ ಅಂಗಡಿಗಳಂತೆ, ಅದರ ಕೆಳಗೆ ಎರಡು ಬೇಸ್‌ಮೆಂಟ್ ಅಂತೆ. "ನಾಳೆಯೇ ರಸ್ತೆಗೆ ಅಡ್ಡ ಕೂತುಬಿಡೋಣ" ಅಂದೆ ನೀನು.

ಆಗ ನಾನು ಹೆಚ್ಚು ಮಾತಾಡಲಿಲ್ಲ. ಈ ಬಡಾವಣೆಗೆ ಬಂದು ನಲವತ್ತು ವರ್ಷ ದಾಟಿತು. ಆಗ ಇಲ್ಲಿ ಸಂಜೆಯಾದರೆ ಕಪ್ಪೆ ವಟಗುಟ್ಟುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಅಂದಿನಿಂದ ಇಂದಿನವರೆಗೆ ಇಂಥ ಪ್ರಕಟಣೆಗಳನ್ನು ಎಷ್ಟೋ ಕಂಡಿದ್ದೇನೆ. ಕೆಲವು ಸಲ ಗೆದ್ದೆವು, ಕೆಲವು ಸಲ ಸೋತೆವು, ಒಂದು ಸಲ ಗೆದ್ದೂ ತಪ್ಪು ಮಾಡಿದೆವು. ಅದನ್ನೆಲ್ಲ ನಿನಗೆ ಹೇಳಬೇಕು ಅನ್ನಿಸಿತು. ಬೆಂಗಳೂರಿನ ಇನ್ಯಾವುದೋ ಬಡಾವಣೆಯಲ್ಲಿ ಇಂಥದೇ ಕಾಗದ ಹಿಡಿದು ಕೂತಿರುವ ಮಕ್ಕಳಿಗೂ ಆದೀತು ಎಂದು ಬರೆಯುತ್ತಿದ್ದೇನೆ.

ಮೊದಲು ಧೈರ್ಯದ ಮಾತು. ಪಕ್ಕದ ರಸ್ತೆಯವರು "ಜಾಗ ಅವರದು, ನಾವ್ಯಾರು ಕೇಳೋಕೆ?" ಅಂದರಂತೆ. ಅವರಿಗೆ ಸದಾಶಿವನಗರದ ಕಥೆ ಹೇಳು. ರಾಜಮಹಲ್ ವಿಲಾಸ್ ಬಡಾವಣೆಯ ನಕ್ಷೆಯಲ್ಲಿ ಉದ್ಯಾನವೆಂದು ಬಿಟ್ಟಿದ್ದ ಜಾಗವನ್ನು 1976ರಲ್ಲಿ ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಟ್ಟರು. ಅಲ್ಲಿನ ನಿವಾಸಿಗಳು ಹೈಕೋರ್ಟ್ ಮೆಟ್ಟಿಲು ಹತ್ತಿದರು. ಒಬ್ಬ ನ್ಯಾಯಮೂರ್ತಿಯ ಮುಂದೆ ಸೋತರು, ಎದೆಗುಂದದೆ ವಿಭಾಗೀಯ ಪೀಠಕ್ಕೆ ಹೋಗಿ ಗೆದ್ದರು. 1991ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಗೆಲುವನ್ನು ಎತ್ತಿಹಿಡಿಯಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಎಂದರೆ ವಕೀಲರಿಗೆಲ್ಲ ಗೊತ್ತು. ಆಸ್ಪತ್ರೆಯೂ ಬೇಕಾದದ್ದೇ, ಆದರೆ ಉದ್ಯಾನದ ಜಾಗವನ್ನು ಅದು ತುಂಬಲಾರದು ಎಂದಿತು ನ್ಯಾಯಾಲಯ. ನಮಗೆ ಅದಕ್ಕಿಂತ ದೊಡ್ಡದು ಇನ್ನೊಂದು ಮಾತು: ಬಡಾವಣೆಯ ಯೋಜನೆ ಕೆಟ್ಟರೆ ಕೇಳುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆ. ನಮ್ಮ ಮೂಲೆಯ ನಿವೇಶನ ಖಾಸಗಿಯದು, ಉದ್ಯಾನವಲ್ಲ, ನಿಜ. ಆದರೂ ಕೇಳುವ ಬಾಗಿಲು ನಮಗೂ ತೆರೆದಿದೆ. ಭೂ ಬಳಕೆ ಬದಲಾಯಿಸುವ ಮುನ್ನ ಜನರನ್ನು ಕೇಳಬೇಕೆಂದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೇ ಹೇಳುತ್ತದೆ. ಆ ಬೆರಳಗಲದ ಪ್ರಕಟಣೆ ಬಂದದ್ದು ಅದಕ್ಕೇ.

ಇನ್ನು ಟೇಪಿನ ಮಾತು. ನಿನ್ನೆ ಬೆಳಗ್ಗೆ ಆರಕ್ಕೆ ನಿನ್ನನ್ನು ಎಬ್ಬಿಸಿ ರಸ್ತೆಗೆ ಕರೆದುಕೊಂಡು ಹೋದೆನಲ್ಲ, ನಿದ್ದೆಗಣ್ಣಲ್ಲಿ ನೀನು ಗೊಣಗಿದೆ. ಟೇಪಿನ ಒಂದು ತುದಿ ನಿನ್ನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಈ ಕಾಂಪೌಂಡಿನಿಂದ ಆ ಕಾಂಪೌಂಡಿಗೆ 9.1 ಮೀಟರ್, ಅಂದರೆ ಮೂವತ್ತಡಿ ರಸ್ತೆ. ಎರಡೂ ಬದಿಯ ಚರಂಡಿ ಕಳೆದು, ನಿಲ್ಲಿಸಿದ ಕಾರುಗಳನ್ನು ಕಳೆದರೆ ಉಳಿದದ್ದು ನಾಲ್ಕು ಮೀಟರ್ ಚಿಲ್ಲರೆ. ಟ್ರಾನ್ಸ್‌ಫಾರ್ಮರ್ ಕಂಬದ ಹತ್ತಿರ ಮೂರೇ ಮೀಟರ್. ಆಗ ಬಂದ ನೀರಿನ ಟ್ಯಾಂಕರು ಅಲ್ಲಿ ಹೇಗೆ ಉಸಿರು ಬಿಗಿಹಿಡಿದು ತೂರಿಕೊಂಡು ಹೋಯಿತು, ನೋಡಿದೆಯಲ್ಲ. ನಾಳೆ ಮದುವೆಗೆ ಐನೂರು ಜನ ಬಂದು, ಬಸ್ಸೊಂದು ಇಲ್ಲಿ ನಿಂತರೆ ಅಗ್ನಿಶಾಮಕದ ವಾಹನ ಎಲ್ಲಿಂದ ಬರಬೇಕು? "ಟ್ರಾಫಿಕ್ ಹೆಚ್ಚುತ್ತದೆ" ಅಂತ ಬರೆದರೆ ಅಧಿಕಾರಿ ಓದಿ ಪಕ್ಕಕ್ಕಿಡುತ್ತಾರೆ, ಎಲ್ಲ ಅರ್ಜಿಯಲ್ಲೂ ಅದೇ ಇರುತ್ತದೆ. ಇಂಥ ಕಂಬದ ಬಳಿ ಇಷ್ಟು ಮೀಟರ್, ಇಗೋ ಟೇಪು ಹಿಡಿದ ಫೋಟೊ ಎಂದರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಹಾಗೇ ನೀರು. 2024ರ ಬೇಸಿಗೆ ಮರೆತಿಲ್ಲ ತಾನೆ? ಊರಿನ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಯಿತು. ನಮ್ಮ ರಸ್ತೆಗೆ ಕಾವೇರಿ ನೀರು ವಾರದಲ್ಲಿ ಯಾವ ದಿನ ಎಷ್ಟು ಹೊತ್ತು ಬರುತ್ತದೆ, ಎಷ್ಟು ಮನೆಗೆ ಟ್ಯಾಂಕರ್ ಬರುತ್ತದೆ, ಒಂದು ವಾರ ಬರೆದಿಡು. ಮಳೆ ಬಂದಾಗ ನೀರು ಯಾವ ಕಡೆ ಹರಿಯುತ್ತದೆ ಅದನ್ನೂ ನೋಡು. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರದ ಕಡೆ ದೊಡ್ಡ ದೊಡ್ಡ ಮನೆಯವರೂ ಟ್ರ್ಯಾಕ್ಟರ್ ಹತ್ತಿ ಹೊರಬಂದರಲ್ಲ, ನೀರಿಗೆ ತನ್ನ ಹಳೆಯ ದಾರಿ ನೆನಪಿರುತ್ತದೆ ಅನ್ನುವುದಕ್ಕೆ ಅದೇ ಸಾಕ್ಷಿ. ಆ ನಿವೇಶನದ ಹಿಂದಿನ ಕಲ್ಲುಚಪ್ಪಡಿ ಮುಚ್ಚಿದ ಮೋರಿ ಹಳೆಯ ರಾಜಕಾಲುವೆಯ ಕವಲೇ ಅಂತ ನನಗೆ ಅನುಮಾನ. ಅನುಮಾನವನ್ನು ಅರ್ಜಿಯಲ್ಲಿ ಬರೆಯಬಾರದು, ಮೊದಲು ಖಚಿತಮಾಡಿಕೋ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆಗೆದು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಅದನ್ನು ಹಿಡಿದು ಹಳೆಯ ಗ್ರಾಮ ನಕ್ಷೆ ನೋಡು. ಕಾಲುವೆ ಇರುವುದು ಹೌದಾದರೆ, ಪರಿಷ್ಕೃತ ಮಾಸ್ಟರ್ ಪ್ಲಾನ್-2015ರ ಪ್ರಕಾರ ಅದರ ದರ್ಜೆ ನೋಡಿ ನಡುವಿನಿಂದ 50, 25 ಅಥವಾ 15 ಮೀಟರ್ ಬಿಡಬೇಕು. ಎರಡು ಬೇಸ್‌ಮೆಂಟಿನ ಮಾತು ಅಲ್ಲಿಗೇ ನಿಂತೀತು.

ಕಾಗದದ ವಿಷಯದಲ್ಲಿ ಹಲವರು ಎಡವುವ ಜಾಗ ಒಂದಿದೆ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ದಾಖಲೆ ಕೇಳುತ್ತಾರೆ, ಉತ್ತರ ಬರಲಿ ಆಮೇಲೆ ಆಕ್ಷೇಪಣೆ ಬರೆಯೋಣ ಅಂತ ಕಾಯುತ್ತಾರೆ. ಉತ್ತರಕ್ಕೆ 30 ದಿನ, ಆಕ್ಷೇಪಣೆಗೆ 15 ದಿನ. ಕಾಯುತ್ತಾ ಕೂತವರ ಕೈಗೆ ಕೊನೆಗೆ ಸಿಗುವುದು "ಅವಧಿ ಮೀರಿದೆ" ಎಂಬ ಹಿಂಬರಹ. ನೀನು ಎರಡನ್ನೂ ಒಂದೇ ದಿನ ಹಾಕು. ಗೊತ್ತಿರುವಷ್ಟನ್ನು ಬರೆದು, ಕಡತ ನೋಡಲು ಅವಕಾಶ ಕೊಡಿ, ದಾಖಲೆ ಸಿಕ್ಕ ಮೇಲೆ ಹೆಚ್ಚುವರಿ ಆಕ್ಷೇಪಣೆ ಸಲ್ಲಿಸುತ್ತೇವೆ ಎಂದು ಕೊನೆಯಲ್ಲಿ ಸೇರಿಸು. ಸ್ವೀಕೃತಿಯ ಮುದ್ರೆ, ದಿನಾಂಕ ಬಿದ್ದ ಪ್ರತಿ ಕೈಗೆ ಬರುವವರೆಗೆ ಆ ಮೇಜಿನ ಮುಂದಿನಿಂದ ಕದಲಬೇಡ. ಬಾಯಲ್ಲಿ "ನೋಡೋಣಮ್ಮ" ಅಂದದ್ದು ಎಲ್ಲಿಯೂ ದಾಖಲಾಗುವುದಿಲ್ಲ.

ಒಂದೇ ಅರ್ಜಿಯನ್ನು ಜೆರಾಕ್ಸ್ ಮಾಡಿ ನೂರು ಜನ ಸಹಿ ಹಾಕುವುದಕ್ಕಿಂತ ಇಪ್ಪತ್ತು ಮನೆಯವರು ಅವರವರ ಮಾತಿನಲ್ಲಿ ಬರೆಯಲಿ. ಎದುರು ಮನೆಯ ಯಜಮಾನರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಬೆಳಗ್ಗೆ ಏಳಕ್ಕೆ ಆಂಬುಲೆನ್ಸ್ ಬರಬೇಕು. ಮುಹೂರ್ತದ ಹೊತ್ತೂ ಅದೇ. ಈ ಎರಡು ಸಾಲನ್ನು ಅವರ ಮನೆಯವರೇ ಬರೆದರೆ ನಮ್ಮ ಹತ್ತು ಪುಟಕ್ಕಿಂತ ಅದರ ತೂಕ ಹೆಚ್ಚು. ಹೊಂಗೆ ಮರದಡಿ ಹೂ ಕಟ್ಟುವಾಕೆಯನ್ನೂ ಇಸ್ತ್ರಿ ಗಾಡಿಯವನನ್ನೂ ಬಾಡಿಗೆ ಮನೆಯ ಹುಡುಗರನ್ನೂ ಕೇಳು. ಮಾಲೀಕರ ಸಂಘ ಅಂತ ಮಾಡಿಕೊಂಡು ಅವರನ್ನು ಹೊರಗಿಡುತ್ತೇವೆ. ರಸ್ತೆಯ ಆಗುಹೋಗು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆ ಹೊಂಗೆಯನ್ನು ಕಡಿಯುವುದಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಅಧಿಕಾರಿಯ ಅನುಮತಿ ಬೇಕು ಅನ್ನುವುದನ್ನೂ ಆಕೆಗೆ ಹೇಳು. ಮರಕ್ಕೆ ಕೊಡಲಿ ಬಿದ್ದರೆ ಮೊದಲು ಫೋನು ಮಾಡುವವಳು ಆಕೆಯೇ.

ಈಗ ನಮ್ಮ ತಪ್ಪಿನ ಮಾತು. ನೀನು ಹುಟ್ಟುವ ಮೊದಲಿನದು, ಯಾರೂ ನಿನಗೆ ಹೇಳಿರಲಾರರು. ಇದೇ ಮೂಲೆಯ ನಿವೇಶನದಲ್ಲಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಒಂದು ಹಾಸ್ಟೆಲ್ ಕಟ್ಟುತ್ತೇವೆ ಅಂತ ಆಗಿನ ಮಾಲೀಕರು ಹೊರಟಿದ್ದರು. ಎರಡಂತಸ್ತು, ನಲವತ್ತು ಹಾಸಿಗೆ. ನಾವೆಲ್ಲ ಸೇರಿ ವಿರೋಧಿಸಿದೆವು. ಅರ್ಜಿಯಲ್ಲಿ ಬರೆದದ್ದು ಒಳಚರಂಡಿ, ನೀರು, ರಸ್ತೆ. ಮನಸ್ಸಿನಲ್ಲಿ ಇದ್ದದ್ದು ಬೇರೆ: ಯಾವ ಯಾವ ಊರಿನ ಹುಡುಗಿಯರೋ, ಎಷ್ಟು ಹೊತ್ತಿಗೆ ಬರುತ್ತಾರೋ, ಯಾರು ಬಿಟ್ಟು ಹೋಗುತ್ತಾರೋ. ನಾನೂ ಸಹಿ ಹಾಕಿದೆ. ಮನೆಮನೆಗೆ ಹೋಗಿ ಸಹಿ ಕೇಳಿದವಳೂ ನಾನೇ. ಅವರು ಬೇಸತ್ತು ಕೈಬಿಟ್ಟರು, ನಾವು ಸಿಹಿ ಹಂಚಿಕೊಂಡೆವು. ಕೆಲವು ವರ್ಷ ಕಳೆದು ನನ್ನ ತಂಗಿಯ ಮಗಳು ಕೆಲಸ ಸಿಕ್ಕಿ ಊರಿನಿಂದ ಬಂದಳು. ಆಫೀಸಿನ ಹತ್ತಿರ ಇರಲು ಜಾಗ ಹುಡುಕಿ ಹುಡುಕಿ ಸೋತು, ಒಂದು ರಾತ್ರಿ ನಮ್ಮ ಹಜಾರದಲ್ಲಿ ಬ್ಯಾಗು ಇಟ್ಟುಕೊಂಡು ಕೂತು ಅತ್ತಳು. ಆ ಅಳು ಕೇಳುತ್ತಾ ನನಗೆ ಆ ನಲವತ್ತು ಹಾಸಿಗೆ ನೆನಪಾಯಿತು. ಆ ಜಾಗ ಅಂದಿನಿಂದ ಇಂದಿನವರೆಗೆ ಪಾರ್ಥೇನಿಯಂ, ಕಸ, ಒಡೆದ ಬಾಟಲಿಗಳ ಗುಡ್ಡೆಯಾಗಿ ಬಿದ್ದಿದೆ. ಬೇಡ ಅಂದೆವು, ಏನು ಬೇಕು ಅಂತ ಯಾರೂ ಹೇಳಲಿಲ್ಲ. ಖಾಲಿ ಜಾಗ ಎಷ್ಟು ದಿನ ಖಾಲಿ ಇದ್ದೀತು? ಇಂದು ಕಲ್ಯಾಣ ಮಂಟಪದ ಅರ್ಜಿ ಬಂದು ನಿಂತಿದೆ.

ಅದಕ್ಕೇ ಹೇಳುತ್ತೇನೆ, ಆಕ್ಷೇಪಣೆ ಬರೆಯುವ ಮುನ್ನ ರಾತ್ರಿ ಒಬ್ಬಳೇ ಕೂತು ನಿನ್ನನ್ನು ನೀನೇ ಕೇಳಿಕೋ: ಕಾಗದದ ಮೇಲಿನ ಕಾರಣವೂ ಮನಸ್ಸಿನೊಳಗಿನ ಕಾರಣವೂ ಒಂದೇ ತಾನೆ? ಒಂದೇ ಆಗಿದ್ದರೆ ಯಾರೂ ನಿನ್ನನ್ನು ಅಲುಗಿಸಲಾರರು. ಬೇರೆ ಬೇರೆ ಆಗಿದ್ದರೆ ಆ ಕಾಗದಕ್ಕೆ ಸಹಿ ಹಾಕಬೇಡ.

'ಬೇಡ'ದ ಜೊತೆ 'ಬೇಕು' ಹೇಳುವುದನ್ನು ನಮ್ಮ ಊರೇ ಕಲಿಸಿದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟುತ್ತೇವೆ, 812 ಮರ ಹೋಗುತ್ತವೆ ಎಂದಾಗ ಅಕ್ಟೋಬರ್ 16ರಂದು ಸಾವಿರಾರು ಜನ ಆ ದಾರಿಯುದ್ದಕ್ಕೂ ಕೈಕೈ ಹಿಡಿದು ನಿಂತರು. ಸ್ಟೀಲ್ ಫ್ಲೈಓವರ್ ಬೇಡ ಅಂದರು. 2017ರ ಮಾರ್ಚಿನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಎಲ್ಲರಿಗೂ ನೆನಪಿರುವುದು ಇಷ್ಟು. ಸೇತುವೆಯ ಜಗಳ ಇನ್ನೂ ನಡೆಯುತ್ತಿದ್ದಾಗಲೇ, 2016ರ ಡಿಸೆಂಬರಿನಲ್ಲಿ, ಅದೇ ಜನ ರೈಲು ನಿಲ್ದಾಣಗಳಿಗೆ ಹೋಗಿ "ಚುಕುಬುಕು ಬೇಕು" ಅಂತ ಉಪನಗರ ರೈಲು ಕೇಳಿದ್ದನ್ನು ಮರೆತಿದ್ದೇವೆ. ಆಮೇಲೆ ಬಸ್ಸುಗಳನ್ನೂ ಕೇಳಿದರು. ರೈಲಿನ ಕೆಲಸಕ್ಕೆ 2022ರ ಜೂನ್‌ನಲ್ಲಿ ಅಡಿಗಲ್ಲು ಬಿತ್ತು. ತಡವಾಯಿತು, ಇನ್ನೂ ತಡವಾಗುತ್ತಿದೆ. ಆದರೂ "ಇವರು ಎಲ್ಲದಕ್ಕೂ ಬೇಡ ಅನ್ನುವವರು" ಅಂತ ಆ ಜನರನ್ನು ಯಾರೂ ತಳ್ಳಿಹಾಕುವಂತಿರಲಿಲ್ಲ.

ನಡವಳಿಕೆಯ ಬಗ್ಗೆ ಎರಡೇ ಮಾತು. ಆ ಜಾಗದ ಈಗಿನ ಮಾಲೀಕರನ್ನು ಒಮ್ಮೆ ಕಂಡು ಮಾತಾಡು. ಸಾಲ ಮಾಡಿ ಕೊಂಡ ಜಾಗ, ಅವರಿಗೂ ಮನೆ ಮಕ್ಕಳು ಇದ್ದಾರೆ. ನಮ್ಮ ರಸ್ತೆಯವರ ಮೊಬೈಲ್ ಗ್ರೂಪಿನಲ್ಲಿ ಅವರ ಹೆಸರು ಎಳೆದು "ಲಂಚ ಕೊಟ್ಟಿದ್ದಾರೆ" ಅಂತ ಯಾರೋ ಹಾಕಿದ್ದನ್ನು ಇಂದೇ ತೆಗೆಸು. ಕಣ್ಣಾರೆ ನೋಡದ್ದನ್ನು ಆಡಿದರೆ ಕಾಗದದಲ್ಲಿ ಗಳಿಸಿದ ತೂಕವೆಲ್ಲ ಒಂದೇ ಕ್ಷಣದಲ್ಲಿ ಹೋಗುತ್ತದೆ. ನಾಳೆ ಏನೇ ತೀರ್ಮಾನವಾದರೂ ಅವರೂ ನಾವೂ ಒಂದೇ ರಸ್ತೆಯವರು. ಒಂದೇ ಮೋರಿ, ಒಂದೇ ಬೀದಿ ದೀಪ. ರಸ್ತೆಗೆ ಅಡ್ಡ ಕೂರುವ ಮಾತು ಸದ್ಯಕ್ಕೆ ಬಿಡು. ಆ ಆಂಬುಲೆನ್ಸ್ ಬರಬೇಕಾದದ್ದೂ ಅದೇ ರಸ್ತೆಯಲ್ಲಿ.

ಶನಿವಾರ ಸಂಜೆ ನಾಲ್ಕಕ್ಕೆ ಎಲ್ಲರನ್ನೂ ನಮ್ಮ ವರಾಂಡಕ್ಕೆ ಕರೆ. ಚಾಪೆ ಹಾಸಿರುತ್ತೇನೆ. ಗ್ರಾಮ ನಕ್ಷೆ, ಟೇಪಿನ ಫೋಟೊ, ನೀರಿನ ಲೆಕ್ಕ ತಾ. ಒಂದು ಹಾಳೆಯಲ್ಲಿ ಏನು ಬೇಡ, ಯಾಕೆ ಬೇಡ ಅಂತ ಬರೆಯೋಣ. ಇನ್ನೊಂದು ಹಾಳೆಯಲ್ಲಿ, ಈ ಮೂವತ್ತಡಿ ರಸ್ತೆ ತಡೆಯಬಲ್ಲ ಏನನ್ನು ಅಲ್ಲಿ ಕಟ್ಟಿದರೆ ನಮ್ಮ ತಕರಾರಿಲ್ಲ ಅಂತ ಬರೆಯೋಣ. ಮನೆಗಳಾಗಬಹುದು, ಎರಡಂತಸ್ತಿನ ಕ್ಲಿನಿಕ್ಕಾಗಬಹುದು. ಆ ಹಾಳೆ ಮಾಲೀಕರ ಕೈಗೂ ಹೋಗಲಿ, ಕಚೇರಿಗೂ ಹೋಗಲಿ.

ಆ ಎರಡನೇ ಹಾಳೆಯ ಮೊದಲ ಸಾಲನ್ನು ನಾನು ಬರೆಯುತ್ತೇನೆ, ನನಗೆ ಬಿಡು. ಹೆಣ್ಣುಮಕ್ಕಳ ಹಾಸ್ಟೆಲ್, ನಲವತ್ತು ಹಾಸಿಗೆ. ಅದರ ಕೆಳಗೆ ಮೊದಲ ಸಹಿ ನನ್ನದು.

ನಿನ್ನ ಒಳಿತನ್ನೇ ಬಯಸುವ,
ಮೂರನೇ ಮನೆಯ ಆಂಟಿ